ಔಷಧದಂಗಡಿಯೇ ಆಸ್ಪತ್ರೆಯಾದರೆ ದುಡಿಯುವವರ ಗತಿಯೇನು?

ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ದೊಡ್ಡ ಪಟ್ಟಣವೇನೂ ಅಲ್ಲ. ಅದು ಹೋಬಳಿಯ ಕೇಂದ್ರ; ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ; ಹೇಮಾವತಿಯ ನೀರು ಬಂದರೆ ತುಂಬುವ ಹಿರಿಯ ಕೆರೆಯೊಂದು ಅದಕ್ಕಿದೆ. ಈ ಊರಿನಲ್ಲಾಗಲಿ, ಮಧುಗಿರಿ, ಕೊರಟಗೆರೆ, ಪಾವಗಡಗಳ ಇಂಥದೇ ಊರುಗಳಲ್ಲಾಗಲಿ, ಸಂಜೆ ಆರು ಗಂಟೆಯ ಮೇಲೆ ಬಸ್ಸು ನಿಲ್ಲುವ ಜಾಗದ ಸುತ್ತ ಒಮ್ಮೆ ನಡೆದು ನೋಡಿ. ಬಟ್ಟೆಯಂಗಡಿಯಲ್ಲಿ ಗಿರಾಕಿಯಿಲ್ಲ, ಪಾತ್ರೆಯಂಗಡಿಯಲ್ಲಿ ಗಿರಾಕಿಯಿಲ್ಲ. ಜನ ಕವಿದಿರುವುದು ಔಷಧದ ಅಂಗಡಿಯ ಮುಂದೆ. ಅಂಗಡಿಯ ಹಿಂದೆ ಒಂದು ತೆರೆ, ತೆರೆಯ ಹಿಂದೆ ಒಂದು ಬೆಂಚು, ಬೆಂಚಿನ ಮೇಲೆ ಜ್ವರದಲ್ಲಿ ನರಳುವ ಒಬ್ಬ ಕೂಲಿಗಾರ, ಗೋಡೆಯ ಮೊಳೆಗೆ ತೂಗುಹಾಕಿದ ಗ್ಲೂಕೋಸ್ ಬಾಟಲಿ.

ಇದನ್ನು ನೋಡಿ ಊರು ಮುಂದುವರಿಯಿತೆಂದು ಹಿಗ್ಗುವವರಿದ್ದಾರೆ. ಸರದಿ ಇಲ್ಲ, ಚೀಟಿ ಇಲ್ಲ, ಆಧಾರ್ ಕೇಳುವುದಿಲ್ಲ, ಹೋದ ಕೂಡಲೇ ಔಷಧ! ಇದಕ್ಕಿಂತ ಏನು ಬೇಕು ಎನ್ನುತ್ತಾರೆ. ನಾವು ಇದನ್ನು ಹಾಗೆ ಕಾಣುವುದಿಲ್ಲ. ಸರ್ಕಾರವು ತನ್ನ ಕರ್ತವ್ಯದಿಂದ ಹಿಂದೆ ಸರಿದು ಬಿಟ್ಟುಹೋದ ಜಾಗದಲ್ಲಿ ವ್ಯಾಪಾರ ಬಂದು ಕುಳಿತಿದೆ, ಆ ವ್ಯಾಪಾರದಲ್ಲಿ ದುಡಿಯುವವನ ದೇಹವೇ ಸರಕಾಗಿದೆ ಎಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ತೆರೆಯ ಹಿಂದೆ ನಡೆಯುವುದೇನು?

ನಾವು ಸಂಘದ ಕೆಲಸಕ್ಕಾಗಿ ಊರೂರು ತಿರುಗುವಾಗ ಜನ ತಮ್ಮ ಕಷ್ಟವನ್ನು ಹೇಳಿಕೊಳ್ಳುತ್ತಾರೆ. ಅವುಗಳಲ್ಲಿ ಕೆಲವನ್ನು, ಹೇಳಿದವರ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಎತ್ತದೆ, ಓದುಗರ ಮುಂದಿಡುತ್ತೇವೆ.

ಕಡಲೆಕಾಯಿ ಎಣ್ಣೆಯ ಮಿಲ್ಲಿನ ಹಮಾಲಿಯೊಬ್ಬನಿಗೆ ಮೂರು ವಾರಗಳಿಂದ ಕೆಮ್ಮು. ಪ್ರತಿ ಸಂತೆಯ ದಿನವೂ ಅಂಗಡಿಗೆ ಹೋದ. ಪ್ರತಿಸಲವೂ ಒಂದು ಸೀಸೆ, ನಾಲ್ಕು ಬಣ್ಣದ ಮಾತ್ರೆ. ಅವನ ಎದೆಗೆ ಕೊಳವೆಯಿಟ್ಟು ಕೇಳಿದವರಿಲ್ಲ, ಕಫ ಪರೀಕ್ಷೆ ಮಾಡಿಸು ಎಂದವರಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಆ ಪರೀಕ್ಷೆಯೂ ಅದರ ಔಷಧವೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಅರ್ಧಂಬರ್ಧ ಔಷಧ ತಿಂದು ರೋಗ ಮರೆಯಾದಂತೆ ಕಂಡು, ಆಮೇಲೆ ಮನೆಮಂದಿಗೆಲ್ಲ ಹರಡಿದರೆ ಅದರ ಬೆಲೆ ತೆರುವವರು ಯಾರು?

ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ಸುಸ್ತು ಎಂದು ಹೋದಳು. "ಒಂದು ಬಾಟಲಿ ಏರಿಸಿದರೆ ಸರಿಹೋಗುತ್ತದೆ" ಎಂದರು. ಏರಿಸಿದರು, ಹಣ ತೆಗೆದುಕೊಂಡರು. ಅವಳಿಗಿದ್ದುದು ರಕ್ತಹೀನತೆ. ಗ್ಲೂಕೋಸ್ ಬಾಟಲಿಯೆಂದರೆ ನೀರು, ಸಕ್ಕರೆ ಅಥವಾ ಉಪ್ಪು. ಬಾಯಲ್ಲಿ ಕುಡಿಯಬಲ್ಲವನಿಗೆ ಅದರಿಂದ ವಿಶೇಷ ಪ್ರಯೋಜನವಿಲ್ಲ. ರಕ್ತಹೀನತೆಗಂತೂ ಅದು ಔಷಧವೇ ಅಲ್ಲ. ಅವಳಿಗೆ ಬೇಕಾಗಿದ್ದ ಕಬ್ಬಿಣದ ಮಾತ್ರೆ ಆಶಾ ಕಾರ್ಯಕರ್ತೆಯ ಚೀಲದಲ್ಲಿತ್ತು.

ಮೂರನೆಯದು ನಮ್ಮ ಸೀಮೆಗೇ ವಿಶೇಷವಾದ ಸಂಗತಿ. ಪಾವಗಡ, ಮಧುಗಿರಿ, ಶಿರಾ ಸೀಮೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆಯೆಂಬುದು ಎಲ್ಲರೂ ಬಲ್ಲ ವಿಷಯ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುಗಟ್ಟುತ್ತದೆ, ಆಮೇಲೆ ಮಂಡಿ, ಸೊಂಟ, ಕತ್ತು ಬಿಗಿಯುತ್ತವೆ. ಹೀಗೆ ನೋಯುವ ಮಂಡಿಯನ್ನು ಎತ್ತಿಕೊಂಡು ಅಂಗಡಿಗೆ ಹೋದರೆ ಸಿಗುವುದು ನೋವಿನ ಸೂಜಿ. ಸಂಜೆ ಚುಚ್ಚಿಸಿಕೊಂಡವನು ಮರುದಿನ ಮೂಟೆ ಹೊರುತ್ತಾನೆ. ವಾರ ಕಳೆದು ಮತ್ತೆ ಸೂಜಿ. ನೋವಿನ ಔಷಧವನ್ನು ಹೀಗೆ ತಿಂಗಳುಗಟ್ಟಲೆ ಬಳಸಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ನೀರಿನಿಂದ ಬಂದ ರೋಗಕ್ಕೆ ಮದ್ದು ಶುದ್ಧ ನೀರು. ಅದನ್ನು ಕೊಡಬೇಕಾದವರು ಕೊಡಲಿಲ್ಲ. ಅಂಗಡಿಯವನು ಸೂಜಿ ಕೊಟ್ಟ. ಒಂದು ಇಲಾಖೆಯ ಅಪರಾಧವು ಮತ್ತೊಬ್ಬನ ವ್ಯಾಪಾರವಾಯಿತು.

ಸೂಜಿಯ ವಿಷಯವಾಗಿ ಇನ್ನೊಂದು ಮಾತು. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರ್‌ಮವ್ ಸುತ್ತಿನ ಹಳ್ಳಿಗಳಲ್ಲಿ ಸೈಕಲ್ಲಿನ ಮೇಲೆ ಬಂದು ಅಗ್ಗದ ದರಕ್ಕೆ ಸೂಜಿ ಹಾಕುತ್ತಿದ್ದವನೊಬ್ಬ ಒಂದೇ ಸಿರಿಂಜನ್ನು ಹಲವರಿಗೆ ಬಳಸಿದನೆಂಬ ಆರೋಪ 2018 ರಲ್ಲಿ ಹೊರಬಿತ್ತು. ಅಲ್ಲಿ ಮೂವತ್ತಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಸೋಂಕು ಕಂಡಿತು. ಉನ್ನಾವ್ ದೂರ ಎಂದುಕೊಳ್ಳಬೇಡಿ. ಅಗ್ಗದ ಸೂಜಿ, ಬಡವನ ಅವಸರ, ಕಣ್ಣುಮುಚ್ಚಿದ ಅಧಿಕಾರಿ ಇವು ಮೂರೂ ಎಲ್ಲಿ ಸೇರಿದರೂ ಅದು ಉನ್ನಾವ್ ಆಗಬಹುದು.

ಬಡವ ದಡ್ಡನೇ?

ಪಟ್ಟಣದ ಬುದ್ಧಿವಂತರು ಇದಕ್ಕೆ ಒಂದೇ ಕಾರಣ ಹೇಳುತ್ತಾರೆ: ಜನರ ಅಜ್ಞಾನ. "ಸರ್ಕಾರಿ ಆಸ್ಪತ್ರೆ ಇದ್ದರೂ ಅಂಗಡಿಗೆ ಓಡುತ್ತಾರಲ್ಲ, ಇವರಿಗೆ ಯಾರು ಹೇಳಬೇಕು?" ಎಂದು ಮೂಗು ಮುರಿಯುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಶಾಲೆಯ ಮಕ್ಕಳಿಗೆ ಕೊಡುವಂಥ ಒಂದು ಲೆಕ್ಕವನ್ನು ಈ ಬುದ್ಧಿವಂತರಿಗೂ ಕೊಡೋಣ.

ಒಬ್ಬ ಕೂಲಿಗಾರನ ದಿನದ ಸಂಪಾದನೆ 450 ರೂಪಾಯಿ ಎಂದಿಟ್ಟುಕೊಳ್ಳಿ. ಆಸ್ಪತ್ರೆ ತೆರೆದಿರುವುದು ಹಗಲಿನಲ್ಲಿ. ಮಿಲ್ಲು ನಡೆಯುವುದೂ ಹಗಲಿನಲ್ಲಿ. ಆಸ್ಪತ್ರೆಗೆ ಹೋದರೆ 450 ಹೋಯಿತು. ಹೋಗಿಬರುವ ಬಸ್ಸಿಗೆ 60. "ಈ ಔಷಧ ದಾಸ್ತಾನಿಲ್ಲ, ಹೊರಗೆ ತಗೊಳ್ಳಿ" ಎಂಬ ಚೀಟಿಗೆ 150. ಒಟ್ಟು 660. ಪುಕ್ಕಟೆ ಆಸ್ಪತ್ರೆಯ ಬೆಲೆ ಇದು! ಸಂಜೆ ಕೆಲಸ ಮುಗಿಸಿ ಅಂಗಡಿಗೆ ಹೋದರೆ ಸೂಜಿಗೂ ಮಾತ್ರೆಗೂ ಸೇರಿ 200. ಈ ಲೆಕ್ಕದಲ್ಲಿ ಕೂಲಿಗಾರ ಎಲ್ಲಿ ತಪ್ಪಿದ? ಅವನ ಲೆಕ್ಕ ಸರಿಯಾಗಿಯೇ ಇದೆ. ಅಂಥ ಲೆಕ್ಕವನ್ನು ಅವನ ಮುಂದಿಟ್ಟವರು ತಪ್ಪಿತಸ್ಥರು. ಆದರೆ ಆ 200 ಮೂರು ಸಲವಾಗಿ 600 ಆಗುತ್ತದೆ. ರೋಗ ಬಲಿತು ಮೂರು ದಿನ ಮಲಗಿದರೆ ಕೂಲಿ 1350 ಹೋಗುತ್ತದೆ. ಕೊನೆಗೆ ತುಮಕೂರಿನ ದೊಡ್ಡ ಆಸ್ಪತ್ರೆಗೆ ಹೊರಡುವಾಗ ಹೆಂಡತಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ಲೆಕ್ಕದ ಈ ಎರಡನೆಯ ಪುಟವನ್ನು ಅಂಗಡಿಯವನು ತೋರಿಸುವುದಿಲ್ಲ.

ಬರಿಯ ಹಣದ ಮಾತೂ ಅಲ್ಲ. ಮರ್ಯಾದೆಯ ಮಾತೂ ಇದೆ. 2022 ರ ನವೆಂಬರಿನಲ್ಲಿ ನಮ್ಮ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೆರಿಗೆ ನೋವಿನಲ್ಲಿ ಬಂದ ಬಡ ಹೆಣ್ಣುಮಗಳೊಬ್ಬಳನ್ನು ತಾಯಿ ಕಾರ್ಡು ಇಲ್ಲ, ಆಧಾರ್ ಇಲ್ಲ ಎಂಬ ಕಾರಣಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಮರುದಿನ ಮನೆಯಲ್ಲಿಯೇ ಅವಳೂ ಅವಳ ಅವಳಿ ಕೂಸುಗಳೂ ಸತ್ತರು. ಸಿಬ್ಬಂದಿಯನ್ನು ಅಮಾನತು ಮಾಡಿದರು. ಆದರೆ ಆ ಸುದ್ದಿ ಕೇಳಿದ ಪ್ರತಿಯೊಬ್ಬ ಬಡವನ ಮನಸ್ಸಿನಲ್ಲಿ ಒಂದು ಪಾಠ ಉಳಿಯಿತು: ದೊಡ್ಡ ಬಾಗಿಲಿನಲ್ಲಿ ಕಾಗದ ಕೇಳುತ್ತಾರೆ, ಅಂಗಡಿಯ ಬಾಗಿಲಿನಲ್ಲಿ ಕಾಸು ಮಾತ್ರ ಕೇಳುತ್ತಾರೆ. ಇಂಥ ಪಾಠ ಕಲಿಸಿದ ಸರ್ಕಾರಕ್ಕೆ ಜನರ ಅಜ್ಞಾನದ ಬಗ್ಗೆ ಉಪನ್ಯಾಸ ಮಾಡುವ ಅಧಿಕಾರವಿಲ್ಲ.

ಮಿಲ್ ಕಾರ್ಮಿಕರಿಗೆ ಒಂದು ಮಾತು

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಇ.ಎಸ್.ಐ. ವಿಮೆ ಅನ್ವಯಿಸುತ್ತದೆ. 1948 ರಲ್ಲಿ ಕಾನೂನಾದ ಇದು 1952 ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲು ಜಾರಿಗೆ ಬಂತು. ಕಾರ್ಮಿಕನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಕಡೆಯಿಂದ ಮೂರೂಕಾಲು ರೂಪಾಯಿ ಎಂಬುದು 2019 ರಿಂದ ಇರುವ ದರ. ತಿಂಗಳಿಗೆ 14,000 ರೂಪಾಯಿ ಸಂಬಳವಿದ್ದರೆ ಕಾರ್ಮಿಕನದು 105, ಮಾಲೀಕನದು 455, ಒಟ್ಟು 560. ವರ್ಷಕ್ಕೆ 6,720 ರೂಪಾಯಿ. ಇಷ್ಟು ಹಣ ಕಟ್ಟಿದವಳು ಕತ್ತಲಾದ ಮೇಲೆ ತೆರೆಯ ಹಿಂದೆ ಹೋಗಿ ಮತ್ತೆ 200 ಕೊಟ್ಟು ಸೂಜಿ ಹಾಕಿಸಿಕೊಳ್ಳುತ್ತಾಳೆ! ಕಾರಣವೇನು? ಇ.ಎಸ್.ಐ. ದವಾಖಾನೆ ಅವಳ ಊರಿನಿಂದ ದೂರ, ಹೋಗಲು ರಜೆಯಿಲ್ಲ.

ಅಂಗಡಿಗೆ ಹೋಗುವುದರಿಂದ ಆಗುವ ಮತ್ತೊಂದು ನಷ್ಟವನ್ನು ಬಹಳ ಜನ ಅರಿತಿಲ್ಲ. ವಿಮೆಯಿದ್ದ ಕಾರ್ಮಿಕನು ರೋಗದಿಂದ ಕೆಲಸಕ್ಕೆ ಹೋಗಲಾಗದಿದ್ದರೆ, ನಿಯಮಗಳಿಗೆ ಒಳಪಟ್ಟು, ಕೂಲಿಯ ನೂರಕ್ಕೆ 70 ರಷ್ಟು ಭತ್ಯೆ ವರ್ಷದಲ್ಲಿ 91 ದಿನಗಳವರೆಗೆ ಸಿಗುತ್ತದೆ. ಆದರೆ ಅದಕ್ಕೆ ವಿಮಾ ವೈದ್ಯರ ಪ್ರಮಾಣಪತ್ರ ಬೇಕು. ಅಂಗಡಿಯವನು ಕೊಡುವುದು ಮಾತ್ರೆಯ ಪೊಟ್ಟಣ. ಅದರ ಮೇಲೆ ಹೆಸರೂ ಇಲ್ಲ, ತಾರೀಖೂ ಇಲ್ಲ, ರೋಗವೇನೆಂಬುದೂ ಇಲ್ಲ. ಆ ಪೊಟ್ಟಣ ತೋರಿಸಿದರೆ ಒಂದು ದಿನದ ಕೂಲಿಯೂ ಬಾರದು. ಅಂದರೆ ಅಂಗಡಿಗೆ ಹೋದ ಕಾರ್ಮಿಕ ಹಣವನ್ನೂ ಕೊಟ್ಟ, ಹಕ್ಕನ್ನೂ ಬಿಟ್ಟುಕೊಟ್ಟ. ಮಾಲೀಕನಿಗೆ ಇದು ಅನುಕೂಲವೇ. ಸೂಜಿ ಹಾಕಿಸಿಕೊಂಡು ಮರುದಿನ ಹಾಜರಾಗುವ ಆಳು ಅವನಿಗೆ ಬೇಕು; ಹಾಸಿಗೆಯಲ್ಲಿ ವಿಶ್ರಾಂತಿ ಪಡೆಯುವ ಆಳು ಬೇಡ.

ಎಂಟು ಜನರ ಎಣ್ಣೆ ಮಿಲ್ಲಿಗೆ, ಕಂಬಳಿ ನೇಯುವವನಿಗೆ, ತರಕಾರಿ ಗಾಡಿಯವನಿಗೆ, ಕಿರಾಣಿ ಅಂಗಡಿಯವನಿಗೆ ಈ ವಿಮೆಯೂ ಇಲ್ಲ. ಅವರ ಕೈಗೆ ಆಯುಷ್ಮಾನ್ ಕಾರ್ಡು ಕೊಟ್ಟಿದ್ದಾರೆ. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ಎಂದು ಘೋಷಿಸಿದ್ದಾರೆ. ಅದು ಹಾಸಿಗೆ ಹಿಡಿದು ಆಸ್ಪತ್ರೆಗೆ ಸೇರಿದವನಿಗೆ. ನಡೆದುಕೊಂಡು ಹೋಗಿ ಜ್ವರಕ್ಕೆ ಔಷಧ ಕೇಳುವವನಿಗೆ ಅದರಿಂದ ಪ್ರಯೋಜನವಿಲ್ಲ. ಮನೆ ಸುಟ್ಟ ಮೇಲೆ ನೀರು ಕೊಡುತ್ತೇವೆ, ಕಿಡಿ ಬಿದ್ದಾಗ ಕೇಳಬೇಡಿ ಎಂಬಂತಿದೆ ಈ ಏರ್ಪಾಟು.

ಔಷಧ ವ್ಯಾಪಾರಿ ಮಿತ್ರರಿಗೆ

ಈ ಪತ್ರಿಕೆಯನ್ನು ಓದುವ ಚಿಲ್ಲರೆ ವ್ಯಾಪಾರಿಗಳಲ್ಲಿ ಔಷಧದ ಅಂಗಡಿಯವರೂ ಇದ್ದಾರೆ. ಅವರು ನಮ್ಮ ಶತ್ರುಗಳಲ್ಲ. ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದವನಿಗೆ ಎದ್ದು ಬಂದು ಮಾತ್ರೆ ಕೊಟ್ಟವರೂ, ಸಾಲ ಬರೆದುಕೊಂಡವರೂ ಅವರಲ್ಲಿದ್ದಾರೆ. ದೊಡ್ಡ ಬಂಡವಾಳದ ಸರಪಳಿ ಅಂಗಡಿಗಳೂ, ಫೋನಿನಲ್ಲಿ ಔಷಧ ಮಾರುವ ಕಂಪನಿಗಳೂ ರಿಯಾಯಿತಿಯ ಆಸೆ ತೋರಿಸಿ ಅವರ ಗಿರಾಕಿಗಳನ್ನು ಸೆಳೆಯುತ್ತಿರುವುದನ್ನು ನಾವು ಬಲ್ಲೆವು. ಆದರೆ ಸ್ನೇಹವಿದ್ದಲ್ಲಿ ನಿಷ್ಠುರವೂ ಇರಬೇಕು.

ಅಕ್ಕಿಯ ವ್ಯಾಪಾರದಲ್ಲಿ ಗಿರಾಕಿ ಕೇಳಿದ್ದನ್ನು ಕೊಡುವುದು ಧರ್ಮ. ಔಷಧದ ವ್ಯಾಪಾರದಲ್ಲಿ ಕೇಳಿದ್ದನ್ನೆಲ್ಲ ಕೊಡದಿರುವುದೇ ಧರ್ಮ. 1945 ರ ಔಷಧ ನಿಯಮಗಳ ಪ್ರಕಾರ ಎಚ್ ಪಟ್ಟಿಯ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. 2014 ರ ಮಾರ್ಚಿನಿಂದ ಎಚ್-1 ಎಂಬ ಮತ್ತೊಂದು ಪಟ್ಟಿ ಜಾರಿಯಲ್ಲಿದೆ. ಪ್ರಬಲವಾದ ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸುವ ಮಾತ್ರೆಗಳು ಅದರಲ್ಲಿವೆ. ಅವನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಈ ಪುಸ್ತಕ ಎಷ್ಟು ಅಂಗಡಿಗಳಲ್ಲಿದೆ? ಇದ್ದ ಪುಸ್ತಕದಲ್ಲಿ ಎಷ್ಟು ಸಾಲು ನಿಜ? ಗೋಡೆಗೆ ಫಾರ್ಮಸಿಸ್ಟನ ಪ್ರಮಾಣಪತ್ರ ತೂಗುಹಾಕಿ, ಅವನು ಊರಿನಲ್ಲೇ ಇಲ್ಲದೆ, ಹತ್ತನೇ ತರಗತಿ ಬಿಟ್ಟ ಹುಡುಗನ ಕೈಯಲ್ಲಿ ಔಷಧ ಕೊಡಿಸುವುದು ವ್ಯಾಪಾರವಲ್ಲ, ಅನ್ಯಾಯ. ಪ್ರಾಮಾಣಿಕ ವ್ಯಾಪಾರಿಯೇ ಮೊದಲು ಎದ್ದು ತನ್ನ ಸಂಘದಲ್ಲಿ ಈ ಮಾತನ್ನು ಎತ್ತಲಿ. ಏಕೆಂದರೆ ನಾಳೆ ಒಂದು ಅನಾಹುತವಾದರೆ ಕೈಗೆ ಕೋಳ ಬೀಳುವುದು ಇವನಿಗೆ. ಗುರಿ ಕೊಟ್ಟು ಮಾತ್ರೆ ತುಂಬಿಸಿದ ಕಂಪನಿ ಮುಂಬಯಿಯಲ್ಲಿ ನೆಮ್ಮದಿಯಾಗಿರುತ್ತದೆ.

ವ್ಯಾಪಾರವೇ ಪರಿಹಾರವೆಂಬವರಿಗೆ

"ಸರ್ಕಾರದಿಂದಾಗದು, ಅಂಗಡಿ ಚಿಕಿತ್ಸೆಯನ್ನೇ ಅಚ್ಚುಕಟ್ಟು ಮಾಡೋಣ, ಅಮೇರಿಕದಲ್ಲಿ ಹಾಗೇ ಇದೆ" ಎಂಬ ವಾದವೂ ಇದೆ. ಅಮೇರಿಕದ ಕಥೆಯನ್ನೇ ಕೇಳೋಣ. 2000 ದಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ದಿನಸಿ ಅಂಗಡಿಗಳೊಳಗೆ ಇಂಥ ನಿಂತ ನಿಲುವಿನ ಚಿಕಿತ್ಸಾಲಯಗಳು ಆರಂಭವಾದವು. 2006 ರಲ್ಲಿ ದೊಡ್ಡ ಔಷಧ ಕಂಪನಿಯಾದ ಸಿವಿಎಸ್ ಅವನ್ನು ಕೊಂಡುಕೊಂಡಿತು. ಆಮೇಲೆ ಜಗತ್ತಿನ ಅತಿದೊಡ್ಡ ಅಂಗಡಿಕಾರ ವಾಲ್‌ಮಾರ್ಟ್ ತಾನೂ ಆರೋಗ್ಯ ಕೇಂದ್ರಗಳನ್ನು ತೆರೆಯಿತು. 2024 ರ ಏಪ್ರಿಲಿನಲ್ಲಿ, ಲಾಭ ಬರುತ್ತಿಲ್ಲವೆಂದು, ತನ್ನ 51 ಕೇಂದ್ರಗಳನ್ನೂ ಮುಚ್ಚುವುದಾಗಿ ಸಾರಿತು. ಅಲ್ಲಿ ಔಷಧ ಪಡೆಯುತ್ತಿದ್ದ ಬಡವರ ಗತಿ? ಅದು ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ. ಲಾಭಕ್ಕಾಗಿ ತೆರೆದ ಬಾಗಿಲು ನಷ್ಟ ಬಂದ ದಿನ ಮುಚ್ಚುತ್ತದೆ. ರೋಗವು ಲಾಭ ನಷ್ಟ ನೋಡಿ ಬರುವುದಿಲ್ಲ.

ನಮ್ಮ ಸರ್ಕಾರಗಳ ನಡತೆಯಾದರೂ ಹೇಗಿದೆ? 2017 ರಲ್ಲಿ ಖಾಸಗಿ ಆಸ್ಪತ್ರೆಗಳ ದರ ಮತ್ತು ನಡತೆಯನ್ನು ಹತೋಟಿಗೆ ತರಲು ಆರೋಗ್ಯ ಸಚಿವ ರಮೇಶ್ ಕುಮಾರ್ ಮಸೂದೆ ತಂದರು. ಖಾಸಗಿ ವೈದ್ಯರು ನವೆಂಬರಿನಲ್ಲಿ ಮುಷ್ಕರ ಹೂಡಿದರು. ಕಠಿಣ ಅಂಶಗಳು ಸಡಿಲಗೊಂಡು ಮಸೂದೆ ಹೊರಬಂತು. 2022 ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಬೊಮ್ಮಾಯಿಯವರು 'ನಮ್ಮ ಕ್ಲಿನಿಕ್' ಯೋಜನೆ ಉದ್ಘಾಟಿಸಿದರು; ರಾಜ್ಯಕ್ಕೆ 438 ಎಂದರು. ಒಳ್ಳೆಯ ಯೋಜನೆಯೇ; ಹೋದವನಿಗೆ ವೈದ್ಯ, ಪರೀಕ್ಷೆ, ಔಷಧ ಎಲ್ಲ ಪುಕ್ಕಟೆ. ಆದರೆ ಅದು ಪಟ್ಟಣಕ್ಕೆ, ಕಳ್ಳಂಬೆಳ್ಳದಂಥ ಹೋಬಳಿಗಲ್ಲ. ಅದಕ್ಕೆ ಗೊತ್ತುಮಾಡಿದ ವೇಳೆಯೋ, ಬೆಳಿಗ್ಗೆ 9 ರಿಂದ ಸಂಜೆ 4-30. ಮಿಲ್ಲಿನ ಸೀಟಿ ಊದುವ ಹೊತ್ತಿಗೆ ಬೀಗ! 2025 ರ ಮೇ ತಿಂಗಳಿನಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಅಂಗಡಿಗಳನ್ನು ಮುಚ್ಚಲು ಆದೇಶವಾಯಿತು. ಆಸ್ಪತ್ರೆಯೇ ಔಷಧವನ್ನು ಪುಕ್ಕಟೆ ಕೊಡುವಾಗ ಅಲ್ಲಿ ಅಂಗಡಿ ಏಕೆ ಎಂಬುದು ಕೊಟ್ಟ ಕಾರಣ. ವಿಷಯ ಹೈಕೋರ್ಟಿನವರೆಗೂ ಹೋಯಿತು. ಕಾರಣವನ್ನು ನಾವು ಒಪ್ಪುತ್ತೇವೆ, ಸ್ವಾಮಿ! ಹಾಗಾದರೆ ಹೊರಗೆ ಕೊಳ್ಳಿರೆಂದು ಚೀಟಿ ಬರೆಯುವುದೇಕೆ? ಅದಕ್ಕೆ ಉತ್ತರ ಕೊಡಿ.

ಹಣವಿಲ್ಲವೆಂಬ ಮಾತು ಬೇಡ. ಸರ್ಕಾರ ಆರೋಗ್ಯಕ್ಕೆ ಮಾಡುವ ಖರ್ಚನ್ನು 2025 ರೊಳಗೆ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ಎರಡೂವರೆ ಪಾಲಿಗೆ ಏರಿಸುತ್ತೇವೆಂದು ಕೇಂದ್ರ ಸರ್ಕಾರವೇ 2017 ರ ನೀತಿಯಲ್ಲಿ ಬರೆಯಿತು. 2021-22 ರ ಲೆಕ್ಕದಲ್ಲಿ ಅದು ನೂರಕ್ಕೆ 1.84. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ 39.4 ರಷ್ಟು ಜನರ ಜೇಬಿನಿಂದ ಹೋಯಿತು. ಹೇಮಾವತಿಯ ನೀರು ಮೊದಲ ತೂಬಿನವರಿಗೆ ಹರಿದು ಕೊನೆಯ ಗದ್ದೆ ಒಣಗುವುದನ್ನು ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಕೇಳುವುದಿಷ್ಟು

1946 ರಲ್ಲಿಯೇ ಭೋರ್ ಸಮಿತಿ ಹೇಳಿತ್ತು: ಹಣ ಕೊಡಲಾರನೆಂಬ ಕಾರಣಕ್ಕೆ ಯಾವನಿಗೂ ಚಿಕಿತ್ಸೆ ತಪ್ಪಕೂಡದು ಎಂದು. ಆ ಮಾತಿಗೆ ಎಂಬತ್ತು ವರ್ಷವಾಗುತ್ತ ಬಂತು. ಅದನ್ನು ಕಾರ್ಯಕ್ಕೆ ತರಲು ನಾವು ಕೇಳುವುದು ಆಕಾಶದ ನಕ್ಷತ್ರವನ್ನಲ್ಲ.

ಒಂದು: ಪ್ರತಿ ಹೋಬಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಂಜೆ 5 ರಿಂದ 9 ರವರೆಗೆ ಹೊರರೋಗಿಗಳನ್ನು ನೋಡಬೇಕು, ಅದಕ್ಕಾಗಿ ಇರುವ ವೈದ್ಯನ ಬೆನ್ನು ಮುರಿಯದೆ ಎರಡನೆಯ ವೈದ್ಯನನ್ನು ನೇಮಿಸಬೇಕು.

ಎರಡು: ಯಾವ ಔಷಧ ದಾಸ್ತಾನಿದೆ, ಯಾವುದಿಲ್ಲ ಎಂಬ ಪಟ್ಟಿಯನ್ನು ಪ್ರತಿದಿನ ಬಾಗಿಲಿನ ಹಲಗೆಯ ಮೇಲೆ ಬರೆಯಬೇಕು.

ಮೂರು: ಕಾಗದವಿಲ್ಲವೆಂದು ಒಬ್ಬ ರೋಗಿಯನ್ನೂ ಹಿಂದೆ ಕಳುಹಿಸಕೂಡದು. ಮೊದಲು ಚಿಕಿತ್ಸೆ, ಆಮೇಲೆ ಕಾಗದ.

ನಾಲ್ಕು: ಇ.ಎಸ್.ಐ. ವೈದ್ಯರು ಗೊತ್ತಾದ ದಿನಗಳಲ್ಲಿ ಕಾರ್ಮಿಕರಿರುವ ಊರಿಗೇ ಬರಬೇಕು.

ಐದು: ತೆರೆಯ ಹಿಂದಿನ ಚಿಕಿತ್ಸೆಯ ಮೇಲೆ ಕ್ರಮ ಕೈಗೊಳ್ಳಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007 ರ ಕಾನೂನಿನಂತೆ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಬೇಕು. ನೋಂದಣಿಯನ್ನೂ ದರವನ್ನೂ ಎಲ್ಲರಿಗೂ ಕಾಣುವಂತೆ ಹಾಕಬೇಕು. ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರು ತಾಲ್ಲೂಕುಗಳಲ್ಲಿ ಬಹಿರಂಗವಾಗಿ ಕುಳಿತು ದೂರು ಕೇಳಲಿ.

ಇವುಗಳಲ್ಲಿ ಐದನೆಯದನ್ನು ಮಾತ್ರ ಮಾಡಿ ಮೊದಲ ನಾಲ್ಕನ್ನು ಬಿಟ್ಟರೆ ಅದು ಮೋಸ. ಆಸ್ಪತ್ರೆಯ ಬಾಗಿಲು ತೆರೆಯದೆ ಅಂಗಡಿಯ ಬಾಗಿಲು ಮುಚ್ಚಿದರೆ ರೋಗಿ ಬೀದಿಯಲ್ಲಿ ಸಾಯುತ್ತಾನೆ.

ಬರಿಯ ಬೇಡಿಕೆಯಿಂದ ಏನೂ ಬಾರದೆಂಬುದೂ ನಮಗೆ ಗೊತ್ತು. ಬ್ರಿಟನ್ನಿನ ವೇಲ್ಸ್ ಸೀಮೆಯ ಟ್ರೆಡೀಗರ್ ಎಂಬ ಊರಿನಲ್ಲಿ ಗಣಿಯ ಕೂಲಿಗಾರರು ವಾರದ ಸಂಬಳದಿಂದ ಕಾಸು ಕೂಡಿಸಿ ತಮ್ಮದೇ ವೈದ್ಯರನ್ನು ಇಟ್ಟುಕೊಂಡಿದ್ದರು. ಅದೇ ಊರಿನ ಗಣಿಗಾರ ಅನ್ಯೂರಿನ್ ಬೆವನ್ ಮಂತ್ರಿಯಾಗಿ 1948 ರ ಜುಲೈ 5 ರಂದು ಅದನ್ನು ದೇಶಕ್ಕೆಲ್ಲ ಹರಡಿದ. ಅಷ್ಟು ದೂರ ಏಕೆ? ಛತ್ತೀಸಗಢದ ದಲ್ಲಿ ರಾಜಹರಾದಲ್ಲಿ ಕಬ್ಬಿಣದ ಗಣಿಯ ಕೂಲಿಗಾರರು ಶಂಕರ ಗುಹಾ ನಿಯೋಗಿಯವರ ಮುಂದಾಳುತನದಲ್ಲಿ ತಮ್ಮ ಹಣ, ತಮ್ಮ ಬೆವರು ಹಾಕಿ 1983 ರಲ್ಲಿ ಶಹೀದ್ ಆಸ್ಪತ್ರೆ ಕಟ್ಟಿದರು. ನಿಯೋಗಿಯವರನ್ನು 1991 ರಲ್ಲಿ ಗುಂಡಿಕ್ಕಿ ಕೊಂದರು, ಆಸ್ಪತ್ರೆಯನ್ನು ಕೊಲ್ಲಲಾಗಲಿಲ್ಲ.

ಆದುದರಿಂದ ಬಂಧುಗಳೇ, ಈ ವಾರವೇ ಕೆಲಸ ಆರಂಭಿಸಿ. ಔಷಧ ಕೊಂಡರೆ ರಸೀತಿ ಕೇಳಿ. ಸೂಜಿ ಹಾಕುವವನನ್ನು ಅವನ ನೋಂದಣಿ ಸಂಖ್ಯೆ ಕೇಳಿ. ಹೊರಗೆ ಕೊಳ್ಳಿರೆಂದು ಬರೆದ ಆಸ್ಪತ್ರೆಯ ಚೀಟಿಗಳನ್ನು ಹರಿದು ಎಸೆಯಬೇಡಿ, ತಾರೀಖು ಸಹಿತ ಕೂಡಿಡಿ. ಮಿಲ್ಲಿನಲ್ಲಿ ಒಬ್ಬ, ಸಂತೆ ಬೀದಿಯಲ್ಲಿ ಒಬ್ಬ ಹೊಣೆ ಹೊತ್ತು ಅವನ್ನು ಸಂಗ್ರಹಿಸಲಿ. ನೂರು ಚೀಟಿ ಸೇರಿದ ದಿನ ಅವನ್ನು ಹಿಡಿದು ನೂರು ಜನ ಶಿರಾದ ತಾಲ್ಲೂಕು ಕಚೇರಿಯ ಮುಂದೆ ನಿಲ್ಲೋಣ. ಒಬ್ಬನ ನರಳಾಟ ತೆರೆಯ ಹಿಂದೆಯೇ ಅಡಗಿಹೋಗುತ್ತದೆ; ನೂರು ಜನರ ಕೂಗು ಕಚೇರಿಯ ಗೋಡೆಯನ್ನು ದಾಟುತ್ತದೆ.